ಹಳ್ಳಿಕಾರ್ ಹಸು ಅತ್ತೆಗೆ ಮಾತ್ರ ಹಾಲು ಕೊಡುತ್ತದೆ, ಏನು ಮಾಡಲಿ?

ಪ್ರಶ್ನೆ (ತುರುವೇಕೆರೆ ತಾಲ್ಲೂಕು): ನಮಸ್ಕಾರ ಡಾಕ್ಟರ್ ಮೇಡಂ. ನಮ್ಮದು ತೆಂಗಿನ ತೋಟ, ಜೊತೆಗೆ ಸ್ವಲ್ಪ ರಾಗಿ ಹೊಲ. ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು, ಒಂದು ಹಳ್ಳಿಕಾರ್. ಹಳ್ಳಿಕಾರ್‌ಗೆ ಇದು ಎರಡನೇ ಸೂಲು, ಕರು ಹಾಕಿ ಎರಡು ತಿಂಗಳಾಯಿತು. ಹೊತ್ತಿಗೆ ಒಂದು ಲೀಟರ್ ಹಾಲು. ಅದನ್ನು ಕರೆಯುವುದು ನಮ್ಮ ಅತ್ತೆ ಮಾತ್ರ. ನಾನು ಕೂತರೆ ಒದೆಯುತ್ತದೆ. ಒದೆಯದ ದಿನ ಹಾಲು ಮೇಲಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ತಿಂಗಳು ಅತ್ತೆ ನಾದಿನಿಯ ಬಾಣಂತನಕ್ಕೆ ಹೋಗುತ್ತಾರೆ. ಪಕ್ಕದ ಮನೆಯವರು ಒಂದು ಇಂಜೆಕ್ಷನ್ ಇದೆ, ಕೊಟ್ಟರೆ ತಾನೇ ಬಿಡುತ್ತದೆ ಅನ್ನುತ್ತಾರೆ. ನಮ್ಮ ಯಜಮಾನರು ಮುಂದಿನ ಸಲ ಇದಕ್ಕೂ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ಸೀಮೆ ತಳಿ) ವೀರ್ಯ ಕೊಡಿಸೋಣ ಅನ್ನುತ್ತಿದ್ದಾರೆ. ಮಾವನಿಗೆ ಆ ಮಾತು ಕೇಳಿದರೇ ಸಿಟ್ಟು. ನೀವೇ ಹೇಳಿ.

ಉತ್ತರ: ಇಂಜೆಕ್ಷನ್ ಬೇಡವೇ ಬೇಡ. ಅವರು ಹೇಳುತ್ತಿರುವುದು ಆಕ್ಸಿಟೋಸಿನ್. ಕರು ಮೊಲೆಗೆ ಬಾಯಿ ಹಾಕಿದಾಗ ಹಸುವಿನ ಮೈಯಲ್ಲೇ ಬಿಡುಗಡೆಯಾಗುವ ಹಾರ್ಮೋನ್ ಅದು. ದಿನಾ ಹೊರಗಿನಿಂದ ಚುಚ್ಚಿದರೆ ಆಮೇಲೆ ಸೂಜಿ ಇಲ್ಲದೆ ಹಾಲೇ ಇಳಿಸುವುದಿಲ್ಲ. ಹಾಲು ಹೆಚ್ಚಿಸಲು ಹಸುವಿನ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅಪರಾಧ ಕೂಡ. ಡಾಕ್ಟರ್ ಒಂದು ಕಾರಣಕ್ಕೆ ಒಂದು ಸಲ ಕೊಡುವುದು ಬೇರೆ, ಅಂಗಡಿಯಿಂದ ತಂದು ಹೊತ್ತು ಹೊತ್ತಿಗೆ ಚುಚ್ಚುವುದು ಬೇರೆ.

ನಿಮ್ಮ ಹಸು ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿಲ್ಲ. ಕೆಳಕ್ಕೆ ಇಳಿಸುತ್ತಿಲ್ಲ, ಅಷ್ಟೇ. ಕೆಚ್ಚಲಿನ ಹಾಲು ಹೆಚ್ಚಾಗಿ ಒಳಗಿನ ಸಣ್ಣ ಸಣ್ಣ ಚೀಲಗಳಲ್ಲಿರುತ್ತದೆ. ಆ ಹಾರ್ಮೋನ್ ಬಂದಾಗ ಮಾತ್ರ ಅವು ಹಿಂಡಿಕೊಂಡು ಮೊಲೆಗೆ ಹಾಲು ಇಳಿಯುತ್ತದೆ. ಅದರ ಪ್ರಭಾವ ಐದರಿಂದ ಏಳು ನಿಮಿಷ ಇದ್ದರೆ ಹೆಚ್ಚು. ಹೆದರಿಕೆ, ಗದರಿಕೆ, ನೋವು, ಹೊಸ ಮುಖ ಇದ್ದರೆ ಅಡ್ರಿನಲಿನ್ ಬಂದು ಅದನ್ನು ತಡೆಯುತ್ತದೆ. ಸೀಮೆ ಹಸುಗಳನ್ನು ತಲೆತಲಾಂತರದಿಂದ ಕರು ಇಲ್ಲದೆ ಕರೆಯಲು ಒಗ್ಗುವಂತೆ ಆರಿಸಿ ಬೆಳೆಸಿದ್ದಾರೆ. ಹಳ್ಳಿಕಾರನ್ನು ಆರಿಸಿದ್ದು ನೇಗಿಲಿಗೆ, ಗಾಡಿಗೆ. ಹಾಲಿನ ವಿಷಯದಲ್ಲಿ ಅದು ಇನ್ನೂ ಕರುವಿನ ತಾಯಿ.

ಅತ್ತೆ ಹೊರಡಲು ಇನ್ನೂ ಒಂದು ತಿಂಗಳಿದೆ ಅಲ್ವಾ, ಧಾರಾಳವಾಗಿ ಸಾಕು. ಮೊದಲ ವಾರ ನೀವು ಕರೆಯಲು ಹೋಗಬೇಡಿ. ಅತ್ತೆ ಕರೆಯುವಾಗ ಹಸುವಿನ ತಲೆಯ ಕಡೆ ನಿಂತು ಬೂಸಾ ನೀವು ಕೊಡಿ, ಗಂಗೆದೊಗಲು ಕೆರೆಯಿರಿ. ಆಮೇಲೆ ಕರುವನ್ನು ಕಣ್ಣಿಯಿಂದ ಬಿಡುವುದು, ಕಟ್ಟುವುದು ನಿಮ್ಮ ಕೆಲಸವಾಗಲಿ. ಕರು ತಂದುಕೊಡುವವರು ಯಾರು ಅನ್ನುವುದನ್ನು ಹಸು ಚೆನ್ನಾಗಿ ಗುರುತಿಡುತ್ತದೆ. ಅದಾದ ಮೇಲೆ ಅತ್ತೆ ಎರಡು ಮೊಲೆ ಕರೆಯಲಿ, ಒಂದು ನೀವು. ಕೊನೆಗೆ ಅತ್ತೆ ಪಕ್ಕದಲ್ಲಿ ಸುಮ್ನೆ ನಿಂತಿರಲಿ. ಹೊತ್ತು ತಪ್ಪಿಸಬೇಡಿ. ಹೊಸ ಚೆಂಬು, ಹೊಸ ಜಾಗ ಯಾವುದೂ ಈ ತಿಂಗಳು ಬೇಡ. ಅತ್ತೆಯ ಹಳೇ ಸೀರೆ ಉಟ್ಟು ಹಸುವಿನ ಹತ್ತಿರ ಹೋಗುವವರನ್ನು ನೋಡಿದ್ದೇನೆ. ನಗಬೇಡಿ, ಹಸು ವಾಸನೆಯಿಂದಲೂ ಜನ ಗುರುತಿಸುವುದು ನಿಜ.

ಕರುವನ್ನು ಒಂದು ನಿಮಿಷ ಕುಡಿಯಲು ಬಿಟ್ಟು, ಮೊಲೆ ತುಂಬಿ ಬಿಗಿಯಾದ ತಕ್ಷಣ ಮುಂದೆ ಕಟ್ಟಿ. ಹಸು ಅದನ್ನು ನೆಕ್ಕುತ್ತಿರಲಿ. ಮೂರು ಮೊಲೆ ನಿಮಗೆ, ಒಂದು ಕರುವಿಗೆ. ನಾಲ್ಕನ್ನೂ ಹಿಂಡಿ ಕರುವಿಗೆ ಬರೀ ಚರ್ಮ ಬಿಡುವ ಮನೆಗಳಿವೆ. ಅಂಥ ಮನೆಯ ಹೋರಿಗರು ಮುಂದೆ ಜೊತೆಗೆ ಸೇರುವ ಎತ್ತಾಗುವುದಿಲ್ಲ.

ಇನ್ನು ಎಚ್‌ಎಫ್. ಈ ವಿಷಯದಲ್ಲಿ ನಾನು ನಿಮ್ಮ ಮಾವನವರ ಕಡೆ. ಹಳ್ಳಿಕಾರ್ ಒಂದು ಸೂಲಿಗೆ ಕೊಡುವ ಹಾಲು ಸರಾಸರಿ 540 ಕೆಜಿ ಆಸುಪಾಸು. ನಿಮ್ಮ ಹಸು ದಿನಕ್ಕೆ ಎರಡು ಲೀಟರ್ ಕೊಡುತ್ತಿದೆ ಅಂದರೆ ಅದರಲ್ಲಿ ಏನೂ ಕೊರತೆ ಇಲ್ಲ. ಡೇರಿಗೆ ಹಾಕಲು ಎರಡು ಸೀಮೆ ಹಸು ಇವೆಯಲ್ಲ, ಇದರಿಂದಲೂ ಅದನ್ನೇ ಯಾಕೆ ಕೇಳಬೇಕು? ಇದರ ಲೆಕ್ಕ ಹೋರಿಗರುವಿನಲ್ಲಿ, ಗೊಬ್ಬರದಲ್ಲಿ, ಮನೆಯ ತುಪ್ಪದಲ್ಲಿ. ಸಣ್ಣ ಮೈಯ ಹಸುವಿಗೆ ದೊಡ್ಡ ತಳಿಯ ವೀರ್ಯ ಕೊಡಿಸಿದರೆ ಕರು ದೊಡ್ಡದಾಗಿ ಹೆರಿಗೆ ಕಷ್ಟವಾಗುವ ಭಯವೂ ಇದೆ, ಕಡಸಿಗಂತೂ ಜಾಸ್ತಿ. ಹುಟ್ಟುವ ಮಿಶ್ರತಳಿ ಗಂಡು ಕರುವನ್ನು ಕೊಳ್ಳುವವರು ಯಾರು, ಯಜಮಾನರನ್ನು ಕೇಳಿ ನೋಡಿ.

ಹಳ್ಳಿಕಾರ್ ವೀರ್ಯದ ಕಡ್ಡಿಯೇ ಬೇಕು ಅಂತ ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಡಿ. ಸರ್ಕಾರದ ಹಳ್ಳಿಕಾರ್ ತಳಿ ಕೇಂದ್ರ ನಿಮ್ಮ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲೇ ಇದೆ, ಒಮ್ಮೆ ಹೋಗಿ ನೋಡಿ ಬನ್ನಿ. ನಾಟಿ ಹಸು ಬೆದೆಗೆ ಬಂದಾಗ ಸೀಮೆ ಹಸುವಿನಷ್ಟು ಕೂಗಾಡುವುದಿಲ್ಲ. ಲೋಳೆ ಸೋರಿದೆಯಾ ಅಂತ ಬೆಳಿಗ್ಗೆ ಸಗಣಿ ಬಾಚುವಾಗ ನೋಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೊಡಿಸಿ. ತಪ್ಪಿದರೆ ಮತ್ತೆ 21 ದಿನ ಕಾಯಬೇಕು.

ಅದೇ ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಮಾವನಿಗೆ ಓದಿ ಹೇಳಿದೆ, ಆಗಿನಿಂದ ಮೀಸೆ ತಿರುವುತ್ತಾ ಕೂತಿದ್ದಾರೆ. ಇದಕ್ಕೆ ಬರೀ ರಾಗಿ ಹುಲ್ಲು ಸಾಕಾ?

ಉತ್ತರ: ಬದುಕಲು ಸಾಕು, ಹಾಲಿಗೆ ಸಾಲದು. ರಾಗಿ ಹುಲ್ಲಿನಲ್ಲಿ ಸುಣ್ಣದಂಶ ಚೆನ್ನಾಗಿದೆ, ಪ್ರೋಟೀನ್ ಕಡಿಮೆ. ಹುರುಳಿ ಹೊಟ್ಟು, ಅವರೆ ಹೊಟ್ಟು, ಕಡಲೆಕಾಯಿ ಬಳ್ಳಿ ಯಾವುದಿದ್ದರೂ ಬೆರೆಸಿ. ಹಿಂಡಿ, ಬೂಸಾ ಸೇರಿ ಮೈಗೆ ಅಂತ ಒಂದು ಕೆಜಿ, ಮೇಲೆ ಪ್ರತಿ ಲೀಟರ್ ಹಾಲಿಗೆ ಅರ್ಧ ಕೆಜಿ. ನಿಮ್ಮ ಕಡೆ ಕೊಬ್ಬರಿ ಹಿಂಡಿ ಸಿಗುತ್ತದೆ, ಒಳ್ಳೆಯದೇ. ಆದರೆ ಕಮಟು ವಾಸನೆ ಬಂದದ್ದನ್ನು ಹಾಕಬೇಡಿ. ಲವಣ ಮಿಶ್ರಣ ದಿನಕ್ಕೆ 30ರಿಂದ 50 ಗ್ರಾಂ. ಕರುವಿಗೆ ಜಂತುಹುಳುವಿನ ಔಷಧಿ ಕುಡಿಸಿದ್ದೀರಾ? ಹುಟ್ಟಿದ 10ರಿಂದ 15 ದಿನಕ್ಕೆ ಮೊದಲ ಸಲ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಕುಡಿಸಿಲ್ಲದಿದ್ದರೆ ನಾಳೆಯೇ ಆಸ್ಪತ್ರೆಗೆ ಕರೆತನ್ನಿ, ತೂಕ ನೋಡಿ ಕೊಡುತ್ತಾರೆ.

ಪ್ರಶ್ನೆ (ಗೌರಿಬಿದನೂರು): ಮೇಡಂ, ನಾಟಿ ಹಸುವಿನ ಎ2 ಹಾಲು ಕುಡಿದರೆ ಸಕ್ಕರೆ ಕಾಯಿಲೆ ಬರಲ್ಲ ಅಂತ ಬೋರ್ಡ್ ಹಾಕಿ ಮಾರಬಹುದಾ?

ಉತ್ತರ: ಹಾಕಬೇಡಿ. ಎ2 ಅಂದರೆ ಹಾಲಿನ ಪ್ರೋಟೀನಿನ ಒಂದು ಬಗೆ, ನಮ್ಮ ನಾಟಿ ತಳಿಗಳಲ್ಲಿ ಅದು ಹೆಚ್ಚು ಅನ್ನುವುದು ಸರಿ. ಕಾಯಿಲೆ ತಡೆಯುತ್ತದೆ ಅನ್ನುವುದು ಸಾಬೀತಾಗಿಲ್ಲ. ಕೊಬ್ಬಿನಂಶ ಜಾಸ್ತಿ, ತುಪ್ಪ ಚೆನ್ನಾಗಿ ಬರುತ್ತದೆ. ಅಷ್ಟು ಹೇಳಿದರೆ ಸುಳ್ಳಲ್ಲ, ಗಿರಾಕಿಯೂ ಸಿಗುತ್ತಾರೆ.

ಪ್ರಶ್ನೆ (ಮುಳಬಾಗಿಲು ತಾಲ್ಲೂಕು): ನಮಸ್ಕಾರ. ಶಿವರಾತ್ರಿಗೆ ಆವಣಿ ಜಾತ್ರೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಹೋರಿಗರು ತರಬೇಕು ಅಂತಿದ್ದೇವೆ. ಮನೆಯಲ್ಲಿ ಈಗಾಗಲೇ ನಾಲ್ಕು ರಾಸು ಇವೆ. ಹಲ್ಲು, ಸುಳಿ ನೋಡಲು ನಮ್ಮ ತಾತ ಬರುತ್ತಾರೆ. ನಾವು ಏನು ನೋಡಬೇಕು?

ಉತ್ತರ: ಸುಳಿ ತಾತನಿಗೇ ಬಿಡಿ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ನೀವು ನಾಲ್ಕು ಹೆಜ್ಜೆ ನಡೆಸಿ ನೋಡಿ, ಗೊರಸಿನ ಸಂದು ನೋಡಿ, ಬಾಯಿ ತೆರೆಸಿದಾಗ ಹಲ್ಲಿನ ಜೊತೆ ನಾಲಿಗೆಯನ್ನೂ ನೋಡಿ. ಜೊಲ್ಲು ಜಾಸ್ತಿ ಸುರಿಸುವ, ಕುಂಟುವ ರಾಸು ಎಷ್ಟೇ ಚೆಂದ ಇರಲಿ, ಬೆನ್ನು ತಿರುಗಿಸಿ ಬನ್ನಿ. ಕಾಲುಬಾಯಿ ಜ್ವರ ಜಾತ್ರೆಯಿಂದಲೇ ಊರೂರಿಗೆ ಹೋಗುವುದು. ಕೊಂಬಿನ ಹೊಳಪಿಗೂ ಮರುಳಾಗಬೇಡಿ. ಹೆರೆದು ಎಣ್ಣೆ ಹಚ್ಚಿದರೆ ಯಾವ ಕೊಂಬೂ ಹೊಳೆಯುತ್ತದೆ. ಅತಿಯಾಗಿ ಹೆರೆದರೆ ಒಳಗೆ ರಕ್ತನಾಳ ಇದೆ, ಗಾಯವಾಗುತ್ತದೆ.

ಮನೆಯ ನಾಲ್ಕು ರಾಸಿಗೆ ಕಾಲುಬಾಯಿ ಲಸಿಕೆ ಜಾತ್ರೆಗೆ ಮೂರು ವಾರ ಮೊದಲೇ ಆಗಿರಲಿ. ಹಿಂದಿನ ಲಸಿಕೆ ಹಾಕಿಸಿ ಆರು ತಿಂಗಳು ದಾಟಿದ್ದರೆ ಆಗಿಲ್ಲ ಅಂತಲೇ ಲೆಕ್ಕ. ತಂದ ಜೊತೆಯನ್ನು ಪೂಜೆ ಮಾಡಿ ನೇರ ಕೊಟ್ಟಿಗೆಗೆ ನುಗ್ಗಿಸಬೇಡಿ. ಆರತಿಯನ್ನು ಹೊರಗೇ ಎತ್ತಿ. ಕಣದ ಕಡೆ ಎಲ್ಲಾದರೂ ಮೂರು ವಾರ ಬೇರೆ ಕಟ್ಟಿ. ನೀರಿನ ಬಾನಿ ಬೇರೆ, ಮೇವು ಹಾಕುವುದು ಮನೆಯ ರಾಸುಗಳದ್ದು ಮುಗಿದ ಮೇಲೆ. ಮೈಮೇಲೆ ಉಣ್ಣೆ ಹುಳು ಇದ್ದರೆ ಅಲ್ಲೇ ಬಿಡಿಸಿ. 2022ರಲ್ಲಿ ಚರ್ಮಗಂಟು ರೋಗ ನಿಮ್ಮ ಕಡೆ ಹೇಗೆ ಕಾಡಿತು ಅನ್ನುವುದು ನೆನಪಿರಬೇಕು. ಮೈಮೇಲೆ ಗಂಟು ಕಂಡರೆ, ಜ್ವರ ಬಂದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಬೀಜ ಒಡೆಸಲು ಆತುರ ಬೇಡ. ತುಂಬಾ ಎಳೆಯದರಲ್ಲಿ ಮಾಡಿಸಿದರೆ ಹಿಣಿಲು, ಕತ್ತು ತುಂಬಿಕೊಳ್ಳುವುದಿಲ್ಲ. ವಯಸ್ಸಿಗೆ ಬಂದ ಮೇಲೆ ಆಸ್ಪತ್ರೆಯಲ್ಲೇ ಮಾಡಿಸಿ, ಕಲ್ಲಿನಲ್ಲಿ ಜಜ್ಜುವವರ ಹತ್ತಿರ ಹೋಗಬೇಡಿ.