ಮಗಳಿಗೆ ಪಿಂಕ್ ಫ್ಲಾಯ್ಡ್ ಕೇಳಿಸಬೇಕು, ಎಲ್‌ಪಿ ತಗೊಳ್ಳಲಾ? ಅನುಭವ ಇರೋರು ಹೇಳಿ

ಮಲ್ಲೇಶ್ವರದ ಅಪ್ಪ

ಮಗಳಿಗೆ ಹದಿನಾಲ್ಕು. ಕಮರ್ಷಿಯಲ್ ಸ್ಟ್ರೀಟಲ್ಲಿ 300 ರೂಪಾಯಿಗೆ ಪ್ರಿಸಂ ಚಿತ್ರದ ಕಪ್ಪು ಟೀಶರ್ಟ್ ತಗೊಂಡಳು. ಟ್ಯೂಷನ್‌ನಲ್ಲಿ ಒಬ್ಬ ಹುಡುಗ "ಇವರದು ಮೂರು ಹಾಡು ಹೇಳು ನೋಡೋಣ" ಅಂದನಂತೆ. ಅದು ಪಿಂಕ್ ಫ್ಲಾಯ್ಡ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಆಲ್ಬಂ ಕವರ್ ಅನ್ನೋದೇ ಇವಳಿಗೆ ಗೊತ್ತಿರಲಿಲ್ಲ. ಮುಖ ಸಣ್ಣದು ಮಾಡ್ಕೊಂಡು ಬಂದು "ಅಪ್ಪ, ನಿಂಗೆ ಗೊತ್ತಾ?" ಅಂದಳು. ಡಿಗ್ರಿ ಓದೋವಾಗ ಮೂರು ವರ್ಷ ನಾನು ಬೇರೇನೂ ಕೇಳಿಲ್ಲ. ಈಗ ಅದನ್ನ ಫೋನಲ್ಲಿ ಹಾಕಿ ಕೈಗೆ ಕೊಡೋಕೆ ಮನಸ್ಸು ಬರ್ತಿಲ್ಲ. 30 ಸಾವಿರ ಎತ್ತಿಟ್ಟಿದ್ದೀನಿ. ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ತಂದು ಆ ಪ್ರಿಸಂ ಕವರಿನ ಆಲ್ಬಂ, 'ಡಾರ್ಕ್ ಸೈಡ್ ಆಫ್ ದಿ ಮೂನ್' ಹಾಕಲಾ? ಆಗಿನ ಕಾಲದ ಹಳೇ ಎಲ್‌ಪಿ ರೆಕಾರ್ಡಾ, ಈಗ ಹೊಸದಾಗಿ ಒತ್ತಿದ ಪ್ರೆಸಿಂಗಾ? ಮನೇಲಿ ಹಳೇ ಆಂಪ್ಲಿಫೈಯರ್, ಎರಡು ಸ್ಪೀಕರ್ ಇವೆ.

ಡಂಡಂ ಪ್ರೆಸಿಂಗ್

30 ಸಾವಿರ ಅಂದ್ಕೊಂಡೇ ನಾನೂ ಶುರು ಮಾಡಿದ್ದು ಸರ್. ಡೈರಿಯಲ್ಲಿ ಲೆಕ್ಕ ಬರೆದಿಟ್ಟಿದ್ದೀನಿ, ಹಾಗೇ ಇಳಿಸ್ತೀನಿ. ಮೊದಲು ತಂದದ್ದು ಸೂಟ್‌ಕೇಸ್ ಥರದ ಪ್ಲೇಯರ್, 7,200. ಅದರ ಮುಳ್ಳು ಎಷ್ಟು ಭಾರ ಅಂದ್ರೆ ರೆಕಾರ್ಡಿನ ಗೆರೆ ಕೆರೆದು ಹಾಕ್ತಿತ್ತು, ಬಾಸ್ ಬಂದಲ್ಲೆಲ್ಲ ಹಾರ್ತಿತ್ತು. ಎರಡೇ ತಿಂಗಳಿಗೆ 2,500ಕ್ಕೆ ಮಾರಿದೆ. ಆಮೇಲೆ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್, 21,500. ತಂದು ಕೂರಿಸಿದ ಮೇಲೆ ಗೊತ್ತಾಯ್ತು, ನನ್ನ ಆಂಪ್‌ನಲ್ಲಿ ಫೋನೋ ಇನ್‌ಪುಟ್, ಅಂದ್ರೆ ಟರ್ನ್‌ಟೇಬಲ್ ಸಿಕ್ಕಿಸೋ ಸಾಕೆಟ್, ಇಲ್ಲ. ಅದರ ಬದಲಿಗೆ, ಸಣ್ಣ ಸದ್ದನ್ನ ಏರಿಸೋ ಪ್ರೀಆಂಪ್ 4,800. ಹಾಕಿದರೆ ಗುಂಯ್ ಅಂತ ಒಂದೇ ಸಮ ಸದ್ದು. ನಾಲ್ಕು ದಿನ ಒದ್ದಾಡಿದ ಮೇಲೆ ಅರ್ಥ್ ವೈರ್ ಕಟ್ಟೇ ಇಲ್ಲ ಅಂತ ಕಂಡಿತು. ಧೂಳು ಒರೆಸುವಾಗ ಬಟ್ಟೆ ಸಿಕ್ಕಿ ಸ್ಟೈಲಸ್, ಅಂದ್ರೆ ಮುಳ್ಳು, ಮುರೀತು, 3,900. ಬ್ರಶ್ಶು, ತೊಳೆಯೋ ದ್ರಾವಣ 1,650.

ಇನ್ನು ರೆಕಾರ್ಡು. ಕಲ್ಕತ್ತದ ಹತ್ತಿರದ ಡಂಡಂ ಕಾರ್ಖಾನೆಯಲ್ಲಿ ಗ್ರಾಮಫೋನ್ ಕಂಪನಿ ಒತ್ತಿದ ಪ್ರತಿ, "ಹೊಸದರ ಹಾಗೇ ಇದೆ" ಅಂತ ಒಬ್ಬ ವ್ಯಾಪಾರಿ 2,800ಕ್ಕೆ ಕಳಿಸಿದ. ಬಿಚ್ಚಿದರೆ ಕರಿದ ಹಪ್ಪಳದ ಹಾಗೆ ಸೊಟ್ಟ. ವಾಪಸ್ ತಗೊಳ್ಳಲಿಲ್ಲ, ಫೋನೂ ಎತ್ತಲಿಲ್ಲ. ಎರಡನೇ ಪ್ರತಿ 4,500. ಒಟ್ಟು 43,850. ಆದರೆ ಆ ಎರಡನೇ ಪ್ರತಿಯ ಮೇಲೆ ಮುಳ್ಳು ಇಳಿಸಿ, ಆ ಎದೆಬಡಿತ ನಿಧಾನಕ್ಕೆ ಗೋಡೆಯಿಂದ ಹೊರಗೆ ಬಂತು ನೋಡಿ, ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಸುಮ್ಮನೆ ಕೂತ್ಕೊಂಡಳು. ತಗೊಳ್ಳಿ ಸರ್. ಹಳೇದೇ ತಗೊಳ್ಳಿ.

ಅರಮನೆ ಮೈದಾನ 2002

ಪ್ಲಾಸ್ಟಿಕ್ ತಟ್ಟೆಗೆ 43 ಸಾವಿರ! ನಾನು ಆ ಮನುಷ್ಯನನ್ನೇ ಕಣ್ಣಾರೆ ಕಂಡವನು. 2002ರ ಏಪ್ರಿಲ್, ಆ ಬ್ಯಾಂಡಿನಲ್ಲಿ ಬಾಸ್ ನುಡಿಸಿ ಹಾಡುತ್ತಿದ್ದ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದಾಗ ನಾನು ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿ ಐದು ತಿಂಗಳು. ರಜೆ ಕೇಳಿದರೆ ಕೊಡಲಿಲ್ಲ. ಹೇಳದೇ ಹೊರಟೆ. ಶುಕ್ರವಾರ ರಾತ್ರಿ ಬಸ್ಸು, ಬೆಳಗ್ಗೆ ಮೆಜೆಸ್ಟಿಕ್ಕಲ್ಲಿ ಮುಖ ತೊಳೆದು, ಮಧ್ಯಾಹ್ನದ ಹೊತ್ತಿಗೇ ಅರಮನೆ ಮೈದಾನದ ಗೇಟಿನ ಮುಂದೆ. ಟಿಕೆಟ್ಟಿಗೆ ಅಣ್ಣನ ಹತ್ತಿರ ಸಾಲ. ಸೋಮವಾರ ವಾಪಸ್ ಹೋದರೆ ಮೇಜಿನ ಮೇಲೆ ನೋಟಿಸು, ಆ ತಿಂಗಳ ಸಂಬಳದಲ್ಲಿ ಕಡಿತ, ವರ್ಷದ ಕೊನೆಗೆ ಕಾಯಂ ಮಾಡಲಿಲ್ಲ. ಆ ಕೆಲಸ ಹೋದದ್ದು ಆ ಒಂದು ಸಂಜೆಯಿಂದ. ಇವತ್ತಿಗೂ ನನಗೆ ಬೇಜಾರಿಲ್ಲ. 2007ರ ಫೆಬ್ರುವರಿಯಲ್ಲಿ ಮುಂಬೈಗೂ ಹೋದೆ, ಅಲ್ಲಿ ಇಡೀ 'ಡಾರ್ಕ್ ಸೈಡ್' ಮೊದಲಿಂದ ಕೊನೆವರೆಗೆ ನುಡಿಸಿದರು.

ಆ ಆಲ್ಬಮ್ಮಿನ ಒಂದೊಂದು ಸಾಲಿನ ಸಾಹಿತ್ಯವೂ ವಾಟರ್ಸ್‌ದು. ಹಾಗಾಗಿ ಆ ಬ್ಯಾಂಡ್ ಅಂದರೆ ವಾಟರ್ಸ್. 1985ರಲ್ಲಿ ಅವರು ಬಿಟ್ಟ ಮೇಲೆ ಉಳಿದವರು ಮಾಡಿದ್ದು ಬರೀ ಹೆಸರು ಹಿಡ್ಕೊಂಡು ಓಡಾಡಿದ್ದು. ಮತ್ತೆ ಆ ಹುಡುಗ ಕೇಳಿದ್ದರಲ್ಲಿ ತಪ್ಪೇನಿದೆ? ಹಾಕ್ಕೊಳ್ಳೋರು ತಿಳ್ಕೊಂಡಿರಬೇಕು.

ರೆಡಿಂಗ್ ಕನ್ನಡಿಗ

ಡಂಡಂ ಪ್ರತಿ ಬೇಡವೇ ಬೇಡ. ನಾನು ಇಂಗ್ಲೆಂಡಿಗೆ ಬಂದು 19 ವರ್ಷ, ಈ ವಿಷಯದಲ್ಲಿ ಬರೆ ಹಾಕಿಸಿಕೊಂಡಿದ್ದೇನೆ. 1973ರ ಮಾರ್ಚ್‌ನ ಮೊದಲ ಬ್ರಿಟಿಷ್ ಪ್ರೆಸಿಂಗ್ ಗುರುತಿಸುವುದು ಲೇಬಲ್ಲಿನಿಂದ: ನಡುವಿನ ತ್ರಿಕೋನಕ್ಕೆ ತಿಳಿನೀಲಿ ತುಂಬಿರಬೇಕು. ಮುಂದಿನ ಪ್ರತಿಗಳಲ್ಲಿ ತ್ರಿಕೋನದ ಬರೀ ಗೆರೆ ಇದೆ. ಒಳಗೆ ಎರಡು ಪೋಸ್ಟರ್, ಎರಡು ಸ್ಟಿಕರ್ ಇರಬೇಕು. ಒಂದು ಸಂತೆಯಲ್ಲಿ ಪ್ರತಿಯೊಂದು ಕಣ್ಣಿಗೆ ಬಿತ್ತು. ಪ್ಲಾಸ್ಟಿಕ್ ಸುತ್ತಿಟ್ಟಿದ್ದ, ತೆಗೆಯಲು ಬಿಡಲಿಲ್ಲ. "ಮೊದಲ ಪ್ರತಿ" ಎಂದು ಚೀಟಿ. 420 ಪೌಂಡ್ ಕೊಟ್ಟೆ. ಮನೆಗೆ ಬಂದು ದೀಪದ ಕೆಳಗೆ ಹಿಡಿದರೆ ನೀಲಿ ಇಲ್ಲ, ಗೆರೆ ಮಾತ್ರ. ಪಿರಮಿಡ್ಡುಗಳ ಪೋಸ್ಟರೂ ಇಲ್ಲ. ಮುಂದಿನ ತಿಂಗಳು ಅದೇ ಸಂತೆಗೆ ಹೋದೆ. "ನೋಡಿ ತಗೊಂಡಿದ್ದೀರಲ್ಲ" ಎಂದ. ಅಂಥದೇ ಪ್ರತಿ ಪಕ್ಕದ ಮೇಜಿನಲ್ಲಿ 35 ಪೌಂಡಿಗೆ ಇತ್ತು.

ಟೀಶರ್ಟಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಹಿಪ್ನಾಸಿಸ್ ಸಂಸ್ಥೆಯ ಸ್ಟಾರ್ಮ್ ಥಾರ್ಗರ್ಸನ್, ಆಬ್ರಿ ಪೊವೆಲ್ ಕಲ್ಪಿಸಿ ಜಾರ್ಜ್ ಹಾರ್ಡಿ ಬರೆದ ಆ ಕವರಿನಲ್ಲಿ ಬಣ್ಣ ಆರೇ, ಇಂಡಿಗೊ ಬಿಟ್ಟಿದ್ದಾರೆ. ಮಗಳ ಟೀಶರ್ಟಿನಲ್ಲಿ ಎಷ್ಟಿವೆ ಎಣಿಸಿ. ಮುಖಪುಟದ ಮೇಲೆ ಬ್ಯಾಂಡಿನ ಹೆಸರೇ ಇಲ್ಲದಿರುವುದರಿಂದಲೇ ಅದು ಐವತ್ತು ವರ್ಷ ದಾಟಿಯೂ ಎಲ್ಲರ ಎದೆಯ ಮೇಲಿದೆ. 2017ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಈ ಬ್ಯಾಂಡಿನ ಪ್ರದರ್ಶನ ಇಟ್ಟಾಗ ಮೂರು ಸಲ ಹೋದೆ.

ಡಂಡಂ ಪ್ರೆಸಿಂಗ್

ಡಂಡಂ ಪ್ರತಿ ಯಾಕೆ ಬೇಡ ಅಂತ ಒಂದು ಕಾರಣ ಹೇಳಲಿಲ್ಲ ನೀವು. 420 ಪೌಂಡ್ ಕಳ್ಕೊಂಡ ಕಥೆ ಹೇಳಿದಿರಿ ಅಷ್ಟೆ. ನಮ್ಮೂರಿನ ಸಾವಿರಾರು ಜನ ಈ ಸಂಗೀತ ಕೇಳಿದ್ದೇ ಆ ಕಾರ್ಖಾನೆಯಿಂದ. ಕೀಳು ಮಾಡಬೇಡಿ.

ರೆಡಿಂಗ್ ಕನ್ನಡಿಗ

ಕಾರಣ ನಿಮ್ಮ ಡೈರಿಯಲ್ಲೇ ಇದೆ. ಹಪ್ಪಳ ಅಂದವರು ನೀವೇ.

ಡಂಡಂ ಪ್ರೆಸಿಂಗ್

ಸೊಟ್ಟ ಆದದ್ದು ಆ ವ್ಯಾಪಾರಿ ಬಿಸಿಲಲ್ಲಿಟ್ಟು! ಒತ್ತಿದವರ ತಪ್ಪಲ್ಲ.

ಧಾರವಾಡದ ಕ್ಯಾಸೆಟ್

ಏನ್ರೀ ಇದು, ಎಲ್ಲಾರೂ ರೊಕ್ಕದ ಲೆಕ್ಕಾನ ಹೇಳಾಕತ್ತೀರಿ. ಎಲ್‌ಪಿ ಅಂದ್ರ ಅರ್ಧಕ್ಕ ಎದ್ದು ಹೋಗಿ ಮಗ್ಗಲಾ ಹೊಳ್ಳಿಸಬೇಕು. ಸಿ-90 ಕ್ಯಾಸೆಟ್ಟಿನ ಒಂದ ಮಗ್ಗಲಾ 45 ನಿಮಿಷ, ಆ ಆಲ್ಬಂ ಬರೇ 43 ನಿಮಿಷ. ಪೂರಾ ಕೂಡತದ. 1993ರಾಗ ಹಾಸ್ಟೆಲ್ಲಿನ ಹಿರಿಯಾರೊಬ್ಬರ ಕಡೆ ಇದ್ದದ್ದನ್ನ ಅಂಗಡ್ಯಾಗ ಕಾಪಿ ಮಾಡಿಸಿದೆ. ಖಾಲಿ ಕ್ಯಾಸೆಟ್ಟಿಗೆ 45, ತುಂಬಿಸಾಕ 20. ಮನೀಂದ ಬರತಿದ್ದ ರೊಕ್ಕದಾಗ ಎಂಟ ದಿವಸ ಮುಂಜಾನಿ ನಾಷ್ಟಾ ಬಿಟ್ಟೆ.

ಮೂರನೇ ವಾರಕ್ಕ ಪ್ಲೇಯರ್ ಟೇಪ್ ನುಂಗಿತು. 'ಟೈಮ್' ಹಾಡಿನ ಶುರುವಿಗೆ ಗಡಿಯಾರ ಎಲ್ಲಾ ಒಮ್ಮೆಲೆ ಬಡೀತಾವಲ್ಲ, ಸರೀ ಅಲ್ಲೆ. ಸುಕ್ಕಾದ ಟೇಪ ಕತ್ತರಿಸಿದೆ, ಬ್ಲೇಡಿನ ಮ್ಯಾಲೆ ಎರಡೂ ತುದಿ ಕೂಡಿಸಿ ಉಗುರಿನಷ್ಟ ಸೆಲೋಟೇಪ್ ಹಚ್ಚಿದೆ, ಪೆನ್ಸಿಲ್ ಹಾಕಿ ಸುತ್ತಿದೆ. ನಾಕ ಸೆಕೆಂಡ್ ಹೋತು. ಹನ್ನೊಂದ ವರ್ಷ ನಾ ಗಡಿಯಾರ ಇಲ್ಲದ 'ಟೈಮ್' ಕೇಳೀನಿ. ಆಮ್ಯಾಲೆ ಸಿಡಿ ತಂದು ಹಚ್ಚಿದಾಗ ಎಲ್ಲಾ ಗಡಿಯಾರ ಬಡದವು, ಎದಿ ಧಸಕ್ ಅಂತು. ಆ ಗಡಿಯಾರದ ಸಪ್ಪಳ ಎಂಜಿನಿಯರ್ ಆ್ಯಲನ್ ಪಾರ್ಸನ್ಸ್ ಹಳೀ ಗಡಿಯಾರದ ಅಂಗಡಿಗೆ ಹೋಗಿ ಒಂದೊಂದನ್ನ ಬ್ಯಾರೆ ಬ್ಯಾರೆ ರೆಕಾರ್ಡ್ ಮಾಡಿಕೊಂಡು ಬಂದಿದ್ದಂತ. ಈಗೂ ಆ ಜಾಗಾ ಬಂದ್ರ ನನ್ನ ಕಿವಿ ಮೊದಲ ಆ ಕತ್ತರಿ ಗಾಯಾನ ಹುಡಕತದ. 1988ರಾಗ ಸೋವಿಯತ್ ಗಗನಯಾತ್ರಿಗಳು ಪಿಂಕ್ ಫ್ಲಾಯ್ಡ್ ಆಲ್ಬಂ ಬಾಹ್ಯಾಕಾಶಕ್ಕ ಒಯ್ದ್ರಲ್ಲ, ಅದೂ ಕ್ಯಾಸೆಟ್ಟರೀ.

ಹಾಡುವವಳು, ಉಡುಪಿ

2002ರ ಸರ್, "ಹಾಕ್ಕೊಳ್ಳೋರು ತಿಳ್ಕೊಂಡಿರಬೇಕು" ಅಂದ್ರಲ್ಲ, ನನಗೆ ಉರಿದು ಹೋಯ್ತು. ಹದಿನಾಲ್ಕರ ಹುಡುಗಿಯ ಹತ್ತಿರ ಪರೀಕ್ಷೆಯಾ? ಅದೇ ಟೀಶರ್ಟ್ ಹಾಕಿದ ಹುಡುಗರ ಹತ್ತಿರ ಯಾರಾದ್ರೂ ಮೂರು ಹಾಡು ಕೇಳಿದ್ದು ಉಂಟಾ? ನನ್ನ ಹತ್ತಿರ ಕೇಳಿದ್ದಾರೆ. ಸ್ಟೇಜಿಗೆ ಹತ್ತುವ ಐದು ನಿಮಿಷ ಮೊದಲು ಕೇಳಿದ್ದಾರೆ.

ನಾಲ್ಕು ವರ್ಷ ಒಂದು ಟ್ರಿಬ್ಯೂಟ್ ಬ್ಯಾಂಡಿನಲ್ಲಿ, ಅಂದ್ರೆ ಪಿಂಕ್ ಫ್ಲಾಯ್ಡ್ ಹಾಡುಗಳನ್ನೇ ಹಾಡುವ ತಂಡದಲ್ಲಿ, ಇದೇ ಆಲ್ಬಮ್ಮಿನ 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ' ಹಾಡಿದವಳು ನಾನು. ಅದಕ್ಕೆ ಮಾತಿಲ್ಲ, ಬರೀ ಕೂಗು, ಅಳು, ನಿಟ್ಟುಸಿರು. ಎಲ್ಲಿ ಉಸಿರು ತೆಗೆಯುವುದು ಅಂತ ಕಾಗದದಲ್ಲಿ ಗೀಟು ಹಾಕಿ ಅಭ್ಯಾಸ ಮಾಡಿದ್ದು. ಮೂರನೇ ವರ್ಷ ಗಂಟಲಲ್ಲಿ ಗಂಟು ಅಂದ್ರು ಡಾಕ್ಟ್ರು. ಎಂಡೋಸ್ಕೋಪಿ ಎರಡು ಸಲ, 5,600. ಸ್ಪೀಚ್ ಥೆರಪಿ ಹದಿನಾರು ಸಲ, ಒಂದಕ್ಕೆ 700, ಅಂದ್ರೆ 11,200. ಆರು ವಾರ ಮೌನ. ಅಮ್ಮನ ಹತ್ತಿರ ಚೀಟಿ ಬರೆದು ಮಾತಾಡಿದ್ದು. ಕೊನೆಯ ಎರಡು ಶೋದ ದುಡ್ಡು, ತಲಾ 4,000, ಇವತ್ತಿಗೂ ಬಂದಿಲ್ಲ. ಗಿಟಾರಿನವನಿಗೆ ಬಂದಿದೆ.

1973ರ ಜನವರಿಯಲ್ಲಿ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಅದನ್ನು ಹಾಡಿದ ಕ್ಲೇರ್ ಟಾರಿಗೆ ಕೊಟ್ಟದ್ದು 30 ಪೌಂಡ್. ಅವರು 2004ರಲ್ಲಿ ಕೋರ್ಟಿಗೆ ಹೋದರು. 2005ರಲ್ಲಿ ರಾಜಿ ಆದ ಮೇಲೆ ಅದರ ರಚನೆಯಲ್ಲಿ ಬ್ಯಾಂಡಿನ ಕೀಬೋರ್ಡಿನ ರಿಚರ್ಡ್ ರೈಟ್ ಜೊತೆ ಅವರ ಹೆಸರೂ ಬಂತು. ಮೂವತ್ತೆರಡು ವರ್ಷ! ವಾಟರ್ಸ್ ಅಂದರೆ ಬ್ಯಾಂಡ್ ಅಂತೆ. ಸಾಕು ಮಾರಾಯ್ರೆ.

ಅರಮನೆ ಮೈದಾನ 2002

ಮೇಡಂ, ನಿಮ್ಮ ಗಂಟಲಿನ ತೊಂದರೆಗೆ ವಾಟರ್ಸ್ ಕಾರಣ ಅಲ್ಲ. ನಾನು ಆ ಹುಡುಗಿಗೆ ಅವಮಾನ ಮಾಡಿ ಅಂದಿಲ್ಲ. ಈ ಬ್ಯಾಂಡಿಗೋಸ್ಕರ ಕೆಲಸ ಕಳ್ಕೊಂಡವನಿಗೆ, ಆ ಚಿತ್ರ ಫುಟ್‌ಪಾತಿನಲ್ಲಿ ರಾಶಿ ಬಿದ್ದಿರೋದು ನೋಡಿದರೆ ಹೊಟ್ಟೆ ಉರಿಯುತ್ತೆ.

ಹಾಡುವವಳು, ಉಡುಪಿ

ಹೊಟ್ಟೆ ಉರಿಯಬೇಕಾದ್ದು ಹಾಡಿದವರಿಗೆ ದುಡ್ಡು ಕೊಡದ್ದಕ್ಕೆ.

ಕೀಬೋರ್ಡ್ ಮೇಷ್ಟ್ರು

ಕೊನೆಗೂ ಒಬ್ಬರು ರೈಟ್ ಹೆಸರು ಎತ್ತಿದರಲ್ಲ. ನಾನು ಇಪ್ಪತ್ತಾರು ವರ್ಷದಿಂದ ಕೀಬೋರ್ಡ್ ಹೇಳಿಕೊಡುತ್ತಿದ್ದೇನೆ. ಬರುವ ಮಕ್ಕಳೆಲ್ಲ ವಾಟರ್ಸ್ ದೊಡ್ಡವರಾ, ಗಿಟಾರಿನ ಗಿಲ್ಮೋರ್ ದೊಡ್ಡವರಾ ಎಂದೇ ಜಗಳ. ಆ ಟೀಶರ್ಟಿನ ಚಿತ್ರವೇ ರೈಟ್ ಕೇಳಿದ್ದರಿಂದ ಬಂದದ್ದು, ಫೋಟೋ ಬೇಡ, ಏನಾದರೂ ಸರಳವಾದದ್ದು ಮಾಡಿ ಎಂದವರು ಅವರು. 'ಅಸ್ ಅಂಡ್ ದೆಮ್' ಹಾಡಿನ ರಾಗವನ್ನು ಅವರು ಮೊದಲು ಒಂದು ಸಿನಿಮಾಕ್ಕೆ ಪಿಯಾನೋದಲ್ಲಿ ಕಟ್ಟಿದ್ದರು, ನಿರ್ದೇಶಕ ಆಂತೋನಿಯೋನಿ ಬೇಡ ಎಂದರು. 'ಬ್ರೀದ್' ಹಾಡಿನ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಜಾಝ್ ವಾದಕ ಮೈಲ್ಸ್ ಡೇವಿಸ್ ಕೇಳಿ ಕಲಿತದ್ದು ಎಂದು ಅವರೇ ಹೇಳಿದ್ದಾರೆ. ಅಂಥವರನ್ನು 1979ರಲ್ಲಿ 'ದಿ ವಾಲ್' ಆಲ್ಬಂ ಮಾಡುವಾಗ ವಾಟರ್ಸ್ ಹೊರಗೆ ಹಾಕಿದರು. 1980–81ರ ಅದರ ಪ್ರದರ್ಶನಗಳಿಗೆ ರೈಟ್ ಸಂಬಳದ ಆಳಾಗಿ ನುಡಿಸಿದರು. ಆ ಪ್ರದರ್ಶನಗಳು ನಷ್ಟವಾದವು, ಉಳಿದ ಮೂವರ ಕೈ ಸುಟ್ಟಿತು, ದುಡ್ಡು ಕಂಡದ್ದು ಸಂಬಳದ ರೈಟ್ ಒಬ್ಬರೇ. 2008ರಲ್ಲಿ ತೀರಿಕೊಂಡರು. ಆ ದಿನ ನಾನು ತರಗತಿಗೆ ರಜೆ ಕೊಟ್ಟೆ. "ಯಾರು ಸರ್ ಅದು?" ಎಂದು ಪೋಷಕರು ಫೋನ್ ಮಾಡಿ ಜಗಳವಾಡಿದರು, ಇಬ್ಬರು ಮಕ್ಕಳನ್ನು ಬಿಡಿಸಿದರು.

ಅರಮನೆ ಮೈದಾನ 2002

ಮೇಷ್ಟ್ರೇ, ಆ ಹೊತ್ತಿಗೆ ರೈಟ್ ಕೆಲಸಾನೇ ಮಾಡ್ತಿರಲಿಲ್ಲ ಅಂತ ಗಿಲ್ಮೋರ್ ಕಡೆಯವರೂ ಒಪ್ಪುತ್ತಾರೆ.

ಕೀಬೋರ್ಡ್ ಮೇಷ್ಟ್ರು

ನೀವು ಆ ಸಂಜೆ ಯಾರ ಸ್ವರಗಳಿಗೆ ಕಣ್ಣೀರು ಹಾಕಿದಿರಿ ಎಂದು ಒಮ್ಮೆ ಯೋಚನೆ ಮಾಡಿ. ವೇದಿಕೆ ಮೇಲೆ ನಿಂತವರದು ಮಾತ್ರ ಅಲ್ಲ.

ಧಾರವಾಡದ ಕ್ಯಾಸೆಟ್

ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯೊಳಗ ಆ ಆಲ್ಬಂ 1973ರಿಂದ 1988ರ ತನಕ ಒಟ್ಟು 741 ವಾರ ಇತ್ತರೀ. ಇದ್ದಾವ್ರು ನಾಕ ಮಂದಿ, ನೀವು ಒಬ್ಬಾವ್ನ ಎತ್ತಿ ಇನ್ನೊಬ್ಬಾವ್ನ ಒಗದರ ಹ್ಯಾಂಗ? ಆ ತಂದಿ ಕೇಳಿದ್ದು ಏನು, ನೀವು ಬಡದಾಡೂದು ಏನು.

ರೆಡಿಂಗ್ ಕನ್ನಡಿಗ

ಹೊಸ ಪ್ರೆಸಿಂಗ್ ತಗೊಳ್ಳಿ ಎಂದೇ ನಾನು ಹೇಳಲು ಬಂದದ್ದು, ಮಧ್ಯೆ ನನ್ನನ್ನು ಎಳೆದರು. ನಾನು ಈಗ ಕೇಳುವುದು 2016ರ ಮರುಮುದ್ರಣ. 420 ಪೌಂಡಿನದು ಗೋಡೆಯ ಚೌಕಟ್ಟಿನಲ್ಲಿದೆ.

ಮಲ್ಲೇಶ್ವರದ ಅಪ್ಪ

ಎಲ್ಲರಿಗೂ ನಮಸ್ಕಾರ. ಎರಡು ದಿನ ಓದ್ತಾ ಕೂತಿದ್ದೆ. ಟೀಶರ್ಟಿನ ಬಣ್ಣ ಎಣಿಸಿದೆವು, ಏಳಿವೆ. ಆಂಪ್‌ನ ಹಿಂದೆ ನೋಡಿದೆ, ಫೋನೋ ಅಂತ ಬರೆದ ಎರಡು ಸಾಕೆಟ್ ಇವೆ. ಅಷ್ಟರಲ್ಲಿ ಇವಳು ತಡೀಲಾರದೆ ನಿನ್ನೆ ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಫೋನಲ್ಲೇ ಪೂರ್ತಿ ಕೇಳಿಬಿಟ್ಟಿದ್ದಾಳೆ. ಬೆಳಗ್ಗೆ ಕಾಫಿ ಕುಡೀತಿದ್ದಾಗ ಬಂದು "ಅಪ್ಪ, ಮಧ್ಯದಲ್ಲಿ ಒಬ್ಬರು ಅಳ್ತಾರಲ್ಲ, ಯಾರದು? ಅವರಿಗೆ ಏನಾಗಿತ್ತು?" ಅಂದಳು. ಉಡುಪಿ ಮೇಡಂ, ನೀವು ಬರೆದದ್ದನ್ನೇ ಓದಿಸಿದೆ. ಎರಡು ಸಲ ಓದಿದಳು. ನಿಮ್ಮ ಗಂಟಲು ಈಗ ಹೇಗಿದೆ ಅಂತ ಕೇಳು ಅಂದಳು.

ಹಾಡುವವಳು, ಉಡುಪಿ

ಈಗ ಪರವಾಗಿಲ್ಲ ಅಂತ ಹೇಳಿ. ಮೇಲಿನ ಸ್ವರ ಬರುವುದಿಲ್ಲ, ಕೆಳಗಿನದ್ದು ಬರ್ತದೆ. ಆ ಹಾಡಿನ ಕೊನೆಯ ಭಾಗ, ದನಿ ತಗ್ಗುವ ಕಡೆ, ಅಷ್ಟನ್ನು ಈಗಲೂ ಹಾಡುತ್ತೇನೆ.

ಡಂಡಂ ಪ್ರೆಸಿಂಗ್

ಫೋನೋ ಸಾಕೆಟ್ ಇದ್ದರೆ ನಿಮಗೆ 4,800 ಉಳೀತು ಸರ್. ಅದರ ಪಕ್ಕದಲ್ಲೇ ಅರ್ಥ್ ವೈರಿನ ಸ್ಕ್ರೂ ಇರುತ್ತೆ. ಹಳೇ ಆಂಪ್ ಅಂದ್ರೆ ತುಕ್ಕು ಹಿಡಿದಿರುತ್ತೆ, ಉಪ್ಪುಕಾಗದದಲ್ಲಿ ಹೊಳೆಯೋವರೆಗೂ ಉಜ್ಜಿ ಆಮೇಲೆ ವೈರ್ ಕಟ್ಟಿ.