ಓಪನ್‌ಡಬ್ಲ್ಯೂಆರ್‌ಟಿ: ನೆಟ್ ಹೋದ್ರೂ ವ್ಯಾನ್ ಲೈಟ್ ಹಸಿರೇ ಇರುತ್ತೆ, ಏನ್ಮಾಡೋದು?

ಮೂಡಿಗೆರೆ ಹತ್ರ ತೋಟದ ಮನೆ, ನಾನಿರೋದು ಹಾಸನದಲ್ಲಿ. ರೂಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ (ಕಂಪನಿ ಸಾಫ್ಟ್‌ವೇರ್ ಬದ್ಲು ಹಾಕೋ ಓಪನ್ ಸೋರ್ಸ್ ಸಾಫ್ಟ್‌ವೇರ್) ಹಾಕಿದೀನಿ. ಮಳೇಲಿ ಕೊಂಬೆ ಬಿದ್ದು ಫೈಬರ್ ಕಟ್ ಆದ್ರೂ ವ್ಯಾನ್ (WAN, ಹೊರಗಿನ ನೆಟ್ ಬರೋ ಪೋರ್ಟ್) ಲೈಟ್ ಉರೀತಾನೇ ಇರುತ್ತೆ, ಅಪ್ಪ ಫೋನ್ ಮಾಡಿ ಲೈಟ್ ಇದೆ ನೆಟ್ ಯಾಕಿಲ್ಲ ಅಂತಾರೆ. ಫೈಬರ್ ಬಂದು ಸೇರೋ ಓಎನ್‌ಟಿ ಡಬ್ಬಿ ಅಟ್ಟದ ಮೇಲಿದೆ, ಅದ್ರ ಕೆಂಪು ಲೈಟ್ ನೋಡಕ್ಕೆ ಅವ್ರಿಗೆ ಹತ್ತಕ್ಕಾಗಲ್ಲ. ಯಾರಾದ್ರೂ ಸರಿ ಮಾಡ್ಕೊಂಡಿದ್ರೆ ಹೇಳಿ.

ಸಕಲೇಶಪುರದಿಂದ:
ಸಾರ್ ಅದು ರಿಪೇರಿ ವಿಷ್ಯ ಅಲ್ಲ. ಆ ಲೈಟು ನೋಡೋದು ರೂಟರಿಂದ ಓಎನ್‌ಟಿಗೆ ಹೋಗೋ ಕೇಬಲ್ ಮಾತ್ರ, ಡಬ್ಬಿಗೆ ಕರೆಂಟ್ ಇದ್ರೆ ಸಾಕು ಉರಿಯುತ್ತೆ, ಆಚೆ ಫೈಬರ್ ತುಂಡಾಗಿದ್ದು ಅದಕ್ಕೆಲ್ಲಿ ಗೊತ್ತಾಗ್ಬೇಕು. ರೂಟರಲ್ಲೇ ಪಿಪಿಪಿಒಇ ಲಾಗಿನ್ (ನೆಟ್ ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್) ಹಾಕಿದ್ರೆ ಸುಲಭ: ಲೂಸಿಯಲ್ಲಿ (ಬ್ರೌಸರಲ್ಲಿ ತೆರೆಯೋ ಸೆಟ್ಟಿಂಗ್ ಪುಟ) ಸಿಸ್ಟಮ್ ಮೆನು, ಎಲ್‌ಇಡಿ ಕಾನ್ಫಿಗರೇಷನ್, ವ್ಯಾನ್ ಲೈಟ್‌ಗೆ ಟ್ರಿಗರ್ (ಲೈಟ್ ಯಾವ್ದನ್ನ ನೋಡಿ ಉರೀಬೇಕು ಅನ್ನೋದು) ನೆಟ್‌ಡೆವ್ ಇಡಿ, ಡಿವೈಸ್ ಅನ್ನೋ ಕಡೆ ಪೋರ್ಟ್ ತೆಗ್ದು ಪಿಪಿಪಿಒಇ-ವ್ಯಾನ್ ಹಾಕಿ, ಮೋಡ್ ಅನ್ನೋ ಕಡೆ ಲಿಂಕ್ ಮಾತ್ರ ಟಿಕ್ ಮಾಡಿ. ಫೈಬರ್ ಹೋದ ಕೂಡ್ಲೇ ಆರಲ್ಲ, ಸೆಷನ್ ಬೀಳೋವರ್ಗೂ ಸ್ವಲ್ಪ ಹೊತ್ತು ಹಿಡಿಯುತ್ತೆ. ಟಿಎಕ್ಸ್ ಆರ್‌ಎಕ್ಸ್ ಟಿಕ್ ಮಾಡ್ಬೇಡಿ, ಡೇಟಾ ಓಡಿದಾಗೆಲ್ಲ ಮಿಣಮಿಣ ಅನ್ನುತ್ತೆ, ಅಪ್ಪ ಅದಕ್ಕೂ ಫೋನ್ ಮಾಡ್ತಾರೆ.

ಹಾಸನದಿಂದ ಇನ್ನೊಬ್ರು:
ಲಾಗಿನ್ ಓಎನ್‌ಟಿಯಲ್ಲೇ ಇದ್ರೆ ಮೇಲಿಂದು ನಡಿಯಲ್ಲ, ರೂಟರಲ್ಲಿ ಬರೀ ಡಿಎಚ್‌ಸಿಪಿ (ಓಎನ್‌ಟಿ ಕೊಡೋ ಐಪಿ ತಾನೇ ತಗೊಳೋದು), ಪಿಪಿಪಿ ಇಂಟರ್‌ಫೇಸೇ ಇರಲ್ಲ. ಆಗ ಟ್ರಿಗರ್ none (ಯಾವ್ದೂ ಬೇಡ) ಅಂತ ಇಟ್ಟು, ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲ್ಸ ಓಡಿಸೋದು) ನಿಮಿಷಕ್ಕೊಂದ್ ಸಲ ಹೊರಗಿನ ಐಪಿಗೆ ಪಿಂಗ್ ಹೊಡೆಯೋ ಸಣ್ಣ ಸ್ಕ್ರಿಪ್ಟ್ ಹಾಕಿ, ಉತ್ತರ ಬಂದ್ರೆ ಆ ಲೈಟಿನ ಬ್ರೈಟ್‌ನೆಸ್ ಫೈಲಿಗೆ 1, ಇಲ್ಲಾಂದ್ರೆ 0 ಬರೀಲಿ. ಆ ಫೈಲ್ ಫ್ಲ್ಯಾಶಲ್ಲಿ (ರೂಟರಿನ ಸ್ಟೋರೇಜ್) ಇರೋದಲ್ಲ, ಕರ್ನಲ್ (ಸಿಸ್ಟಮ್ಮಿನ ತಿರುಳು) ತೋರ್ಸೋ ಫೈಲು, ಹಾಗಾಗಿ ಎಷ್ಟ್ ಸಲ ಬರೆದ್ರೂ ಫ್ಲ್ಯಾಶ್ ಸವೆಯಲ್ಲ. ಮಲಗೋ ರೂಮಲ್ಲಿ ರೂಟರ್ ಇದ್ರೆ ರಾತ್ರಿ ಲೈಟ್ ಆರಿಸೋಕೂ ಇದೇ ದಾರಿ.

ಕೊಪ್ಪದಿಂದ:
ಇಷ್ಟೆಲ್ಲ ಮಾಡೋಕ್ ಮುಂಚೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಕಮಾಂಡ್ ಕೊಡೋ ದಾರಿ) ರೂಟರ್ ಒಳಗೆ ಹೋಗಿ /sys/class/leds ಫೋಲ್ಡರ್ ನೋಡಿ. ಅಲ್ಲಿ ಹೆಸ್ರು ಇಲ್ದಿರೋ ಲೈಟು ನಿಮ್ ಮಾತು ಕೇಳಲ್ಲ, ಕೆಲವು ಮಾಡೆಲಲ್ಲಿ ಲ್ಯಾನ್ ಲೈಟುಗಳು ನೇರ ಸ್ವಿಚ್ ಚಿಪ್‌ಗೇ ಸೇರಿರ್ತವೆ. ಅಪ್‌ಗ್ರೇಡ್ ಆದ್ಮೇಲೆ ಲೈಟಿನ ಹೆಸ್ರು ಬದಲಾಗಿದ್ರೆ ಹಳೇ ಸೆಟ್ಟಿಂಗ್ ಸುಮ್ನೆ ಕೂತಿರುತ್ತೆ, ಎರರ್ ಕಣ್ಣಿಗೇ ಬೀಳಲ್ಲ. ಪವರ್ ಲೈಟಿಗೆ ನಾನು ಹಾರ್ಟ್‌ಬೀಟ್ ಟ್ರಿಗರ್ ಇಟ್ಟಿದೀನಿ, ಎದೆ ಬಡಿತದ ಥರ ಮಿನುಗುತ್ತೆ, ಲೋಡ್ ಜಾಸ್ತಿ ಆದ್ರೆ ಬೇಗ ಬೇಗ ಬಡ್ಕೊಳತ್ತೆ, ಕರ್ನಲ್ ಹ್ಯಾಂಗ್ ಆದ್ರೆ ನಿಂತೋಗುತ್ತೆ. ಮನೆಯೋರಿಗೆ ಫೋನಲ್ಲೇ ಕೇಳಿದ್ರಾಯ್ತು, ಬಡೀತಿದ್ಯಾ ಇಲ್ವಾ ಅಂತ.