ಸಹಾಯ ಬೇಕು: ಇಎಕ್ಸ್‌ಟಿ4 ಡಿಸ್ಕ್‌ನಲ್ಲಿ ಕಾಯ್ದಿರಿಸಿರುವ ಜಾಗವನ್ನು ಮರಳಿ ಪಡೆಯುವ ಬಗ್ಗೆ

ಗುಂಪಿನ ಎಲ್ಲರಿಗೂ ನಮಸ್ಕಾರ.

ಮನೆಯ ಫೋಟೊ, ವಿಡಿಯೊಗಳನ್ನು ಇಡಲೆಂದೇ ನನ್ನ ಉಬುಂಟು ಕಂಪ್ಯೂಟರಿಗೆ ಜೋಡಿಸಿ, ಇಎಕ್ಸ್‌ಟಿ4 (ಲಿನಕ್ಸ್‌ನಲ್ಲಿ ಫೈಲುಗಳನ್ನು ಡಿಸ್ಕ್‌ನಲ್ಲಿ ಜೋಡಿಸಿಡುವ ವ್ಯವಸ್ಥೆ) ಆಗಿ ಫಾರ್ಮ್ಯಾಟ್ ಮಾಡಿಕೊಂಡಿರುವ 4 ಟಿಬಿ ಡಿಸ್ಕ್‌ನಲ್ಲಿ, ನಿನ್ನೆ ಫೈಲುಗಳನ್ನು ಕಾಪಿ ಮಾಡುವಾಗ ಜಾಗವಿಲ್ಲವೆಂಬ ಸಂದೇಶ ಬಂದಿತು. ಡಿಸ್ಕ್‌ನ ಜಾಗ ತೋರಿಸುವ ಡಿಎಫ್ ಕಮಾಂಡ್ ಕೊಟ್ಟು ನೋಡಿದರೆ (1024ರ ಲೆಕ್ಕದಲ್ಲಿ) ಒಟ್ಟು 3.6 ಟಿಬಿ, ಬಳಕೆಯಾಗಿರುವುದು 3.4 ಟಿಬಿ, ಉಳಿದಿರುವುದು ಮಾತ್ರ ಸೊನ್ನೆ! ಕಸದ ಬುಟ್ಟಿಯನ್ನು ಖಾಲಿ ಮಾಡಿಯೂ ಆಯಿತು. ಸಿಕ್ಕಿದ ಜಾಗ ಅಷ್ಟಕ್ಕಷ್ಟೆ.

ಇಂಥ ಡಿಸ್ಕ್‌ನ ಸೆಟ್ಟಿಂಗ್‌ಗಳನ್ನು ನೋಡಲು, ಬದಲಿಸಲು ಇರುವ ಟ್ಯೂನ್2ಎಫ್‌ಎಸ್ ಕಮಾಂಡ್‌ನಲ್ಲಿ ಹೈಫನ್ ಎಲ್ (ಸಣ್ಣಕ್ಷರದ -l) ಕೊಟ್ಟು ಪರಿಶೀಲಿಸಿದಾಗ, ತಲಾ 4096 ಬೈಟ್‌ಗಳ ಸುಮಾರು 4.88 ಕೋಟಿ ಬ್ಲಾಕುಗಳು, ಅಂದರೆ ಹತ್ತಿರ ಹತ್ತಿರ 200 ಜಿಬಿ, ರೂಟ್ ಬಳಕೆದಾರನಿಗೆಂದು (ಸಿಸ್ಟಂನ ಪೂರ್ಣ ಅಧಿಕಾರವಿರುವ ಖಾತೆಗೆಂದು) ಮೀಸಲಾಗಿರುವುದು ತಿಳಿಯಿತು. ಫಾರ್ಮ್ಯಾಟ್ ಮಾಡುವಾಗ ನಾವು ಬೇರೆ ಹೇಳದಿದ್ದರೆ 5% ಹೀಗೆ ಎತ್ತಿಡಲಾಗುತ್ತದೆ. ಡಿಸ್ಕ್ ತುಂಬಿದಾಗಲೂ ಲಾಗ್ ಬರೆಯುವಂಥ ಸಿಸ್ಟಂ ಕೆಲಸಗಳು ನಿಲ್ಲದಿರಲೆಂದು, ಫೈಲುಗಳು ಚೂರುಚೂರಾಗಿ ಹರಡದಿರಲೆಂದು ಮಾಡಿರುವ ಈ ಏರ್ಪಾಡು ಸಿಸ್ಟಂ ಇರುವ ಡಿಸ್ಕ್‌ಗೆ ಸರಿಯೇ. ಬರೀ ಫೋಟೊ ತುಂಬಿರುವ ಡಿಸ್ಕ್‌ಗೆ ಇಷ್ಟೊಂದು ಏಕೆ ಎಂಬುದು ನನ್ನ ಅನಿಸಿಕೆ.

ಅದೇ ಕಮಾಂಡ್‌ನ ಹೈಫನ್ ಎಂ (ಸಣ್ಣಕ್ಷರದ -m) ಆಯ್ಕೆಯಿಂದ ಇದನ್ನು ಇಳಿಸಬಹುದೆಂದು ಕೈಪಿಡಿಯಲ್ಲಿ ಓದಿದ್ದೇನೆ. ಡಿಸ್ಕನ್ನು ಅನ್‌ಮೌಂಟ್ ಮಾಡದೆಯೇ (ಸಿಸ್ಟಂನ ಬಳಕೆಯಿಂದ ಬಿಡಿಸದೆಯೇ) ಈ ಬದಲಾವಣೆ ಮಾಡಿದವರು ಇಲ್ಲಿದ್ದೀರಾ? ಪೂರ್ತಿ ಸೊನ್ನೆಗೆ ಇಳಿಸುವುದೋ, 1% ಆದರೂ ಉಳಿಸಿಕೊಳ್ಳುವುದೋ? ಈ ಫೋಟೊಗಳಿಗೆ ಬೇರೆಡೆ ಪ್ರತಿಯಿಲ್ಲದ ಕಾರಣ, ಅನುಭವವಿರುವವರು ತಿಳಿಸುವವರೆಗೆ ಕಮಾಂಡ್ ಟೈಪ್ ಮಾಡಿಟ್ಟು ಎಂಟರ್ ಒತ್ತದೆ ಕುಳಿತಿದ್ದೇನೆ.